ಬಿಜಿಎಂಐ, ಸಿಎಸ್, ಡೋಟಾದಲ್ಲಿ ಕೇಳಿಬರುವ ಮಾತುಗಳು: ಹೊಸಬರು ಮೊದಲು ಯಾವುದನ್ನು ಕಲಿಯಬೇಕು?

ತುಮಕೂರು_ಹೊಸಬಳು:
ಎಲ್ಲರಿಗೂ ನಮಸ್ಕಾರ. ನಾನು ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಫೋನಿನಲ್ಲಿ ಆಡುವ ಗುಂಡಿನ ಕಾಳಗದ ಆಟ) ಆಡಲು ಶುರು ಮಾಡಿ ಸ್ವಲ್ಪ ದಿನ ಆಯಿತು. ನನ್ನ ತಮ್ಮ, ಅವನ ಇಬ್ಬರು ಗೆಳೆಯರು, ನಾಲ್ಕನೆಯವಳು ನಾನು. ಓಡುವುದು, ಗುಂಡು ಹೊಡೆಯುವುದು ಹೇಗೋ ರೂಢಿ ಆಗುತ್ತಿದೆ. ಆದರೆ ಮೈಕ್‌ನಲ್ಲಿ ಇವರು ಆಡುವ ಮಾತು ಅರ್ಧಕ್ಕರ್ಧ ತಲೆಗೆ ಹತ್ತುವುದಿಲ್ಲ. "ಒಬ್ಬ ನಾಕ್, ಇನ್ನೊಬ್ಬ ಒನ್ ಶಾಟ್, ಪುಶ್ ಮಾಡ್ರೋ, ಬೇಡ ಬೇಡ, ಥರ್ಡ್ ಪಾರ್ಟಿ ಬಂತು, ಹೋಲ್ಡ್ ಮಾಡಿ!" ಇಷ್ಟೂ ಒಂದೇ ಉಸಿರಿಗೆ. ಕೇಳಿದರೆ "ಆಮೇಲೆ ಹೇಳ್ತೀನಿ ಅಕ್ಕಾ" ಅನ್ನುತ್ತಾನೆ. ಆಮೇಲೆ ಇನ್ನೊಂದು ಮ್ಯಾಚ್ ಶುರುವಾಗಿರುತ್ತದೆ. ಹುಡುಕಿದರೆ ಉದ್ದುದ್ದ ಪಟ್ಟಿಗಳು ಸಿಗುತ್ತವೆ, ನಾನು ಆಡದ ಆಟಗಳ ಪದಗಳೆಲ್ಲ ಅದರಲ್ಲಿ ಕಲಸಿಕೊಂಡಿರುತ್ತವೆ. ಆಡುವಾಗ ನಿಜಕ್ಕೂ ಬೇಕಾಗುವ ಮಾತು ಯಾವುದು, ಸುಮ್ನೆ ರೇಗಿಸೋಕೆ ಹೇಳುವ ಮಾತು ಯಾವುದು ಅಂತ ಬಿಡಿಸಿ ಹೇಳಿದರೆ ಉಪಕಾರ ಆಗುತ್ತದೆ.

ದಿಣ್ಣೆ_ಸ್ನೈಪರ್:
ಒಳ್ಳೆ ಪ್ರಶ್ನೆ. ಪಟ್ಟಿ ಬಾಯಿಪಾಠ ಮಾಡಬೇಡಿ, ಅದರಿಂದ ಏನೂ ಆಗಲ್ಲ. ಮೈಕ್‌ನಲ್ಲಿ ಉಪಯೋಗಕ್ಕೆ ಬರುವ ಮಾತು ಮೂರೇ ವಿಷಯ ಹೇಳುತ್ತದೆ. ಶತ್ರು ಎಲ್ಲಿದ್ದಾನೆ, ಎಷ್ಟು ಜನ ಇದ್ದಾರೆ, ಯಾವ ಸ್ಥಿತಿಯಲ್ಲಿದ್ದಾರೆ. ಇದನ್ನು ಮೊದಲು ಹಿಡಿದುಕೊಳ್ಳಿ, ಉಳಿದದ್ದು ಆಡ್ತಾ ಆಡ್ತಾ ತಾನೇ ಬರುತ್ತದೆ.

ಸ್ಥಿತಿಯಿಂದಲೇ ಶುರು ಮಾಡೋಣ, ಯಾಕೆಂದರೆ ಎಲ್ಲರೂ ತಪ್ಪುವುದು ಅಲ್ಲೇ. ಸ್ಕ್ವಾಡ್ ಆಟದಲ್ಲಿ ಒಬ್ಬನ ಜೀವ ಖಾಲಿಯಾದರೆ ತಕ್ಷಣ ಸಾಯುವುದಿಲ್ಲ, ಮಂಡಿಯೂರಿ ತೆವಳುತ್ತಾನೆ. ಅದೇ ನಾಕ್. ಅವನ ತಂಡದವರು ಬಂದು ಎತ್ತಬಹುದು, ಅದು ರಿವೈವ್. ಎತ್ತುವ ಮೊದಲೇ ಇನ್ನಷ್ಟು ಗುಂಡು ಹೊಡೆದರೆ ಅಥವಾ ಹಾಗೇ ಬಿಟ್ಟು ರಕ್ತ ಸೋರಿ ಮುಗಿದರೆ ಸತ್ತ, ಅವನ ಸಾಮಾನೆಲ್ಲ ಪೆಟ್ಟಿಗೆಯಾಗಿ ಬೀಳುತ್ತದೆ. ಅದು ಫಿನಿಶ್. ಈಗ ಇಲ್ಲಿ ಒಂದು ಮುಖ್ಯ ಸಂಗತಿ ಇದೆ. ಒಬ್ಬನಿಗೆ ಹೊಡೆದಾಗ ಅವನು ನಾಕ್ ಆಗದೆ ನೇರವಾಗಿ ಪೆಟ್ಟಿಗೆ ಆದ ಅಂದರೆ, ಸಾಮಾನ್ಯವಾಗಿ ಅವನ ತಂಡದಲ್ಲಿ ನಿಂತಿರುವವರು ಇನ್ಯಾರೂ ಇಲ್ಲ ಅಂತ ಅರ್ಥ. ಆಗ ನಾವು "ಸ್ಕ್ವಾಡ್ ವೈಪ್" ಅಥವಾ "ಪೂರ್ತಿ ಕ್ಲಿಯರ್" ಅಂತ ಕೂಗುತ್ತೇವೆ, ಎಲ್ಲರೂ ಧೈರ್ಯವಾಗಿ ಲೂಟ್ ಮಾಡಲು ಹೋಗಬಹುದು. ನಾಕ್ ಮಾತ್ರ ಆಗಿದ್ದರೆ ಅವನನ್ನು ಎತ್ತುವವನು ಪಕ್ಕದಲ್ಲೇ ಎಲ್ಲೋ ಇದ್ದಾನೆ. ಹಾಗಾಗಿ "ನಾಕ್" ಅನ್ನುವ ಕಡೆ "ಸತ್ತ" ಅಂದರೆ ನಿಮ್ಮ ತಂಡದವನು ಎದೆ ಸೆಟೆಸಿಕೊಂಡು ಬಯಲಿಗೆ ಬರುತ್ತಾನೆ, ಬಂದವನು ಹೋದ. ಎರಡು ಪದ, ಎರಡು ಬೇರೆ ಬೇರೆ ನಿರ್ಧಾರ.

"ಒನ್ ಶಾಟ್" ಅಂದರೆ ಅವನಿಗೆ ಆಗಲೇ ಚೆನ್ನಾಗಿ ಪೆಟ್ಟಾಗಿದೆ, ಇನ್ನೊಂದು ಗುಂಡು ತಗುಲಿದರೆ ಸಾಕು. ಇದನ್ನು ಕಿರುಚುವುದು ಯಾಕೆ ಅಂದರೆ ಅವನು ಫಸ್ಟ್ ಏಡ್ ಹಾಕಿಕೊಳ್ಳುವ ಮೊದಲು ಹೋಗಬೇಕು. ಫಸ್ಟ್ ಏಡ್ ಕಿಟ್ ಜೀವವನ್ನು 75ರವರೆಗೆ ತುಂಬುತ್ತದೆ, ಮೆಡ್‌ಕಿಟ್ 100ಕ್ಕೆ. ಅಷ್ಟು ಹೊತ್ತು ಕೊಟ್ಟರೆ ನಿಮ್ಮ "ಒನ್ ಶಾಟ್" ಮಾತಿಗೆ ಬೆಲೆ ಇಲ್ಲ. ಸ್ವಲ್ಪ ತಗುಲಿದ್ದಕ್ಕೆಲ್ಲ ಒನ್ ಶಾಟ್ ಅನ್ನುವವರು ಇದ್ದಾರೆ, ಅದು ದೊಡ್ಡ ತೊಂದರೆ. ಹೆಲ್ಮೆಟ್ ಒಡೆದಿದೆ, ವೆಸ್ಟ್ (ಗುಂಡು ತಡೆಯುವ ಕವಚ) ಒಡೆದಿದೆ, ಎರಡು ಗುಂಡು ತಗುಲಿದೆ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಪುಶ್, ರಶ್ ಅಂದರೆ ನುಗ್ಗುವುದು. ಹೋಲ್ಡ್ ಅಂದರೆ ಇದ್ದ ಜಾಗ ಬಿಡಬೇಡ. ಥರ್ಡ್ ಪಾರ್ಟಿ ಬಗ್ಗೆ ಕೂತು ಬರೆಯಬೇಕು, ರಾತ್ರಿ ಬರುತ್ತೇನೆ.

ಮಿಡ್_ಲೇನ್_ಮಂಡ್ಯ:
ಮೇಲಿನವರು ಹೇಳಿದ್ದು ಸರಿ. ನಾನು ಡೋಟಾ 2 ಕಡೆಯವನು, ನಮ್ಮಲ್ಲೂ ಲೆಕ್ಕ ಅದೇ, ಪದ ಮಾತ್ರ ಬೇರೆ. ಅದು ಕಂಪ್ಯೂಟರ್ ಆಟ, ಒಂದು ತಂಡಕ್ಕೆ ಐದು ಜನ, ಮೂರು ದಾರಿ. ನಿಮ್ಮ ಎದುರಿಗಿದ್ದ ಶತ್ರು ಇದ್ದಕ್ಕಿದ್ದ ಹಾಗೆ ಕಣ್ಣಿಗೆ ಕಾಣದೆ ಹೋದರೆ ತಕ್ಷಣ "ಮಿಡ್ ಮಿಸ್", ಅಂದರೆ ನಡುದಾರಿಯವನು ಕಾಣುತ್ತಿಲ್ಲ, ಅಂತ ಹೇಳಬೇಕು. ಯಾಕೆ? ಅವನು ಇನ್ನೊಂದು ದಾರಿಯಲ್ಲಿರುವ ನಿಮ್ಮವನ ಮೇಲೆ ಬೀಳಲು ಹೊರಟಿರುತ್ತಾನೆ. ಹಾಗೆ ಇಬ್ಬರು ಮೂವರು ಸೇರಿ ಒಬ್ಬನ ಮೇಲೆ ಬೀಳುವುದಕ್ಕೆ ಗ್ಯಾಂಕ್ ಅನ್ನುತ್ತಾರೆ. ಗ್ಯಾಂಗ್, ಕಿಲ್ ಎರಡೂ ಸೇರಿ ಆದ ಪದ ಅಂತಲೇ ಎಲ್ಲರೂ ಹೇಳುವುದು. "ಮಿಸ್" ಅನ್ನುವ ಒಂದು ಮಾತು ಎರಡು ಸೆಕೆಂಡ್ ತಡವಾದರೆ ಅಲ್ಲಿ ಒಬ್ಬ ಸತ್ತಿರುತ್ತಾನೆ.

ಸತ್ತರೆ ಏನಂತೆ, ಮತ್ತೆ ಹುಟ್ಟುತ್ತಾನಲ್ಲ ಅನ್ನಬಹುದು. ಹುಟ್ಟುತ್ತಾನೆ, ಆದರೆ ನಾವು ಸತ್ತಾಗಲೆಲ್ಲ ಕೊಂದವನಿಗೆ ಚಿನ್ನ ಸಿಗುತ್ತದೆ, ಅನುಭವ ಸಿಗುತ್ತದೆ, ಅವನು ಬಲವಾಗುತ್ತಾ ಹೋಗುತ್ತಾನೆ. ಅದಕ್ಕೇ ಪದೇಪದೇ ಸಾಯುವವನಿಗೆ ಫೀಡರ್ ಅನ್ನುವುದು, ಎದುರಾಳಿಗೆ ಉಣ್ಣಿಸುತ್ತಿದ್ದಾನೆ ಅಂತ. ಕ್ಯಾರಿ ಅಂದರೆ ಮೊದಲು ನಿಧಾನಕ್ಕೆ ಬೆಳೆದು ಕೊನೆಗೆ ಇಡೀ ತಂಡವನ್ನು ಹೊತ್ತುಕೊಂಡು ಹೋಗುವವನು. ಸಪೋರ್ಟ್ ಅಂದರೆ ಅವನನ್ನು ಬೆಳೆಸುವವನು, ವಾರ್ಡ್ ಹಾಕಿ ಕತ್ತಲೆ ಜಾಗಕ್ಕೆ ಕಣ್ಣು ಕೊಡುವವನು. ನಮ್ಮ ಹುಡುಗರಿಗೆ ಎಲ್ಲರಿಗೂ ಕ್ಯಾರಿಯೇ ಆಗಬೇಕು! ಸಪೋರ್ಟ್ ಆಡುವವನ ಬೆಲೆ ಗೊತ್ತಿರುವ ತಂಡ ಸಿಕ್ಕರೆ ಬಿಡಬೇಡಿ.

ಕೆಫೆ_ಕಾಲದವನು:
ಇದರಲ್ಲಿ ಬಹಳ ಪದಗಳು ಮೊಬೈಲ್ ಆಟ ಬರುವುದಕ್ಕೂ ಎಷ್ಟೋ ವರ್ಷ ಮೊದಲಿನವು. ನಾವು ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೌಂಟರ್ ಸ್ಟ್ರೈಕ್ (ಸಿಎಸ್) 1.6 ಆಡಿದವರು. ಡಸ್ಟ್ 2 ಮ್ಯಾಪ್, ಲಾಂಗ್, ಕ್ಯಾಟ್, ಟನಲ್, ಬಿ ಸೈಟ್. ಈ ಹೆಸರುಗಳು ಊರಿನ ಬೀದಿ ಹೆಸರಿನಷ್ಟೇ ಬಾಯಲ್ಲಿ ಓಡಾಡುತ್ತಿದ್ದವು. ಆಗ ನಮ್ಮ ಕೆಫೆಯಲ್ಲಿ ಹೆಡ್‌ಫೋನ್‌ನಲ್ಲಿ ಮಾತೇ ಇರಲಿಲ್ಲ, ಪಕ್ಕದ ಕುರ್ಚಿಯವನಿಗೆ ಬಾಯಲ್ಲೇ ಕೂಗುವುದು.

ಆ ಕಾಲದಿಂದ ಬಂದ ಮಾತುಗಳಲ್ಲಿ ಹೊಸಬರಿಗೆ ಅತಿ ಕಷ್ಟ ಆಗುವುದು "ಇಕೋ". ಇದನ್ನು ಬಿಡಿಸಿಯೇ ಹೇಳಬೇಕು. ಸಿಎಸ್‌ನಲ್ಲಿ ಪ್ರತಿ ರೌಂಡಿಗೂ ಬಂದೂಕನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಮೊದಲ ರೌಂಡಿಗೆ ಕೈಯಲ್ಲಿ 800 ಡಾಲರ್. ಎಡಬ್ಲ್ಯುಪಿ ಸ್ನೈಪರ್ ಬೇಕಾದರೆ 4750. ಗೆದ್ದವರಿಗೆ ಜಾಸ್ತಿ ದುಡ್ಡು, ಸೋತವರಿಗೆ ಕಡಿಮೆ. ಈಗಿನ ಸಿಎಸ್ 2ರಲ್ಲಿ ಸೋಲಿನ ಹಣ 1400ರಿಂದ ಶುರುವಾಗಿ, ಸೋಲುತ್ತಾ ಹೋದ ಹಾಗೆ ಐದೈದು ನೂರು ಏರಿ 3400ಕ್ಕೆ ನಿಲ್ಲುತ್ತದೆ. ಈಗ ನಿಮ್ಮ ತಂಡ ಸೋತಿದೆ, ಎಲ್ಲರ ಕೈಯಲ್ಲೂ ಎರಡು ಸಾವಿರ ಚಿಲ್ಲರೆ ಇದೆ ಅಂದುಕೊಳ್ಳಿ. ಅದರಲ್ಲಿ ಅರೆಬರೆ ಬಂದೂಕು ಕೊಂಡರೆ ಈ ರೌಂಡೂ ಹೋಯಿತು, ಮುಂದಿನ ರೌಂಡೂ ಹೋಯಿತು. ಬದಲು ಐದೂ ಜನ ಪಿಸ್ತೂಲಿನಲ್ಲೇ ಆಡಿ, ಈ ರೌಂಡನ್ನು ಬಿಟ್ಟುಕೊಟ್ಟು, ಮುಂದಿನದಕ್ಕೆ ಪೂರ್ತಿ ಸಜ್ಜಾಗಿ ಬರುವುದು. ಅದು ಇಕೋ ರೌಂಡ್. ಸೇವ್ ಅಂತಲೂ ಹೇಳುತ್ತಾರೆ. ಇದರಲ್ಲಿ ಒಬ್ಬ ಮಾತು ಕೇಳದೆ ಕೊಂಡುಬಿಟ್ಟರೂ ಕೆಟ್ಟಿತು, ಯಾಕೆಂದರೆ ಮುಂದಿನ ರೌಂಡಿನಲ್ಲಿ ನಾಲ್ವರ ಹತ್ತಿರ ದುಡ್ಡು, ಒಬ್ಬನ ಹತ್ತಿರ ಇಲ್ಲ. ವ್ಯಾಲರಂಟ್ ಆಡುವವರಿಗೂ ಇದೇ ಲೆಕ್ಕ, ಅಲ್ಲೂ 800ರಿಂದಲೇ ಶುರು, ವ್ಯಾಂಡಲ್ ಮತ್ತು ಫ್ಯಾಂಟಮ್ ಬಂದೂಕು ಎರಡಕ್ಕೂ 2900.

"ಫ್ರ್ಯಾಗ್" ಅನ್ನುವ ಮಾತು ಕೇಳಿರುತ್ತೀರಿ. ಟಾಪ್ ಫ್ರ್ಯಾಗ್ ಅಂದರೆ ಜಾಸ್ತಿ ಕೊಂದವನು. ಇದರ ಮೂಲ ಚೆನ್ನಾಗಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರು ತಮ್ಮದೇ ಅಧಿಕಾರಿಗಳ ಮೇಲೆ ಗ್ರೆನೇಡ್ ಎಸೆದು ಕೊಂದ ಪ್ರಕರಣಗಳಿಗೆ ಫ್ರ್ಯಾಗಿಂಗ್ ಅನ್ನುತ್ತಿದ್ದರು. 1993ರಲ್ಲಿ ಡೂಮ್ ಬಂದ ಮೇಲೆ ಆ ಪದ ಆಟಕ್ಕೆ ಬಂದು ಸುಮ್ನೆ ಅಂಕ ಅನ್ನುವ ಅರ್ಥಕ್ಕೆ ಇಳಿಯಿತು. ಈಗ ಆಡುವ ಹುಡುಗರಿಗೆ ಆ ಯುದ್ಧದ ನೆನಪೇ ಇಲ್ಲ.

ಕಲಬುರಗಿ_ಕ್ಲಚ್:
ಸ್ಮರ್ಫ್ ಬಗ್ಗೆ ಯಾರೂ ಹೇಳಲಿಲ್ಲ. ಒಳ್ಳೆ ಆಟಗಾರ ಹೊಸ ಐಡಿ ಮಾಡಿಕೊಂಡು ಕೆಳಗಿನ ರ‍್ಯಾಂಕಿನವರ ಜೊತೆ ಆಡುವುದೇ ಸ್ಮರ್ಫ್. 1996ರ ಸುಮಾರಿಗೆ ವಾರ್‌ಕ್ರಾಫ್ಟ್ 2 ಆಡುತ್ತಿದ್ದ ಇಬ್ಬರು ಪಂಟರ ಜೊತೆ ಆಡಲು ಯಾರೂ ಒಪ್ಪುತ್ತಿರಲಿಲ್ಲ, ಹೆಸರು ನೋಡಿದ ಕೂಡಲೇ ಎದ್ದು ಹೋಗುತ್ತಿದ್ದರು. ಅದಕ್ಕೆ ಅವರು ಸ್ಮರ್ಫ್ಸ್ ಕಾರ್ಟೂನಿನ ಹೆಸರು ಇಟ್ಟುಕೊಂಡು ಹೊಸಬರ ಹಾಗೆ ಬಂದರು. ಅಲ್ಲಿಂದ ಈ ಹೆಸರು ನಿಂತಿತು.

ಇದು ಕೇಳೋಕೆ ತಮಾಷೆಯಾಗಿದೆ, ಎದುರಿಗೆ ಸಿಕ್ಕಿದವನಿಗೆ ತಮಾಷೆ ಅಲ್ಲ. ರ‍್ಯಾಂಕ್ ವ್ಯವಸ್ಥೆ ಇರುವುದೇ ಸರಿಸಮದವರು ಸಿಗಲಿ ಅಂತ. ಆ ಬಲದ ಅಂಕಕ್ಕೆ ಈಲೋ ಅನ್ನುತ್ತಾರಲ್ಲ, ಅದು ಅರ್ಪಾದ್ ಈಲೋ ಅನ್ನುವವರ ಹೆಸರು. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು. ಚೆಸ್ ಆಡುವವರ ಬಲ ಅಳೆಯಲು ಅವರು ಮಾಡಿದ ಲೆಕ್ಕವನ್ನು ಚೆಸ್‌ನ ಅಂತರರಾಷ್ಟ್ರೀಯ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಬಲವಾದವನನ್ನು ಸೋಲಿಸಿದರೆ ಜಾಸ್ತಿ ಅಂಕ, ದುರ್ಬಲನನ್ನು ಸೋಲಿಸಿದರೆ ಕಡಿಮೆ ಅಂಕ, ಇಷ್ಟೇ ಅದರ ಮೂಲ ಯೋಚನೆ. ಇವತ್ತಿನ ಎಷ್ಟೋ ಆಟಗಳ ರ‍್ಯಾಂಕ್ ಅದರ ಮೇಲೇ ಕಟ್ಟಿದ್ದು. ಆ ಲೆಕ್ಕವನ್ನೇ ಸ್ಮರ್ಫ್ ಕೆಡಿಸುತ್ತಾನೆ.

ಕ್ಲಚ್ ಅಂದರೆ ನಿಮ್ಮ ಕಡೆ ಒಬ್ಬನೇ ಉಳಿದು, ಎದುರಿಗೆ ಎರಡು ಮೂರು ಜನ ಇದ್ದೂ ಗೆದ್ದುಬಿಡುವುದು. ಆಗ ಉಳಿದವರು ಮೈಕ್ ಮುಚ್ಚಿಕೊಂಡಿರಬೇಕು. ಅವನಿಗೆ ಹೆಜ್ಜೆ ಸಪ್ಪಳ ಕೇಳಬೇಕು. ಸತ್ತವರು ಎಲ್ಲ ಸೇರಿ "ಎಡಕ್ಕೆ ಎಡಕ್ಕೆ" ಅಂದರೆ ಅವನು ಸಾಯದೆ ಇನ್ನೇನು.

ನೀಲಿವೃತ್ತ:
ಮೆಟಾ ಅಂದರೆ "ಮೋಸ್ಟ್ ಎಫೆಕ್ಟಿವ್ ಟ್ಯಾಕ್ಟಿಕ್ ಅವೈಲಬಲ್" ಅಂತ. ಆ ಸಮಯಕ್ಕೆ ಯಾವ ಬಂದೂಕು, ಯಾವ ಹೀರೋ ಗೆಲ್ಲಿಸುತ್ತದೋ ಅದು ಮೆಟಾ. ಹೊಸಬರು ಇದನ್ನೂ ತಿಳಿದುಕೊಂಡಿರಲಿ.

ಕೆಫೆ_ಕಾಲದವನು:
ಅರ್ಥ ಸರಿ ಇದೆ, ಆದರೆ ಆ ಬಿಡಿಸಿದ ರೂಪ ಆಮೇಲೆ ಯಾರೋ ಹೊಂದಿಸಿದ್ದು. ಮೆಟಾಗೇಮ್ ಅನ್ನುವ ಮಾತು ಅದಕ್ಕೂ ಹಳೆಯದು, ಆಟದ ಆಚೆಗಿನ ಆಟ ಅಂತ. ಎಲ್ಲರೂ ಏನು ಆಡುತ್ತಿದ್ದಾರೆ ಅಂತ ನೋಡಿಕೊಂಡು ಅದಕ್ಕೆ ತಕ್ಕ ಹಾಗೆ ನಾನು ಏನು ಆಡಬೇಕು ಅನ್ನುವ ಯೋಚನೆ ಅದು.

ಮೆಟಾ ಬದಲಾಗುವುದು ಬಫ್ ಮತ್ತು ನರ್ಫ್‌ನಿಂದ. ಆಟ ಮಾಡಿದ ಕಂಪನಿ ಒಂದು ಬಂದೂಕಿನ ಬಲ ಹೆಚ್ಚಿಸಿದರೆ ಬಫ್, ಇಳಿಸಿದರೆ ನರ್ಫ್. ನರ್ಫ್ ಅನ್ನುವುದು ಸ್ಪಂಜಿನ ಗುಂಡು ಹಾರಿಸುವ ಆಟಿಕೆ ಬಂದೂಕಿನ ಬ್ರ್ಯಾಂಡ್. 1997ರಲ್ಲಿ ಬಂದ ಅಲ್ಟಿಮಾ ಆನ್‌ಲೈನ್‌ನಲ್ಲಿ ಕತ್ತಿಗಳ ಬಲ ಇಳಿಸಿದಾಗ, ಇದು ಸ್ಪಂಜಿನ ಕತ್ತಿಯಲ್ಲಿ ಹೊಡೆದ ಹಾಗಾಯಿತು ಅಂತ ಆಡುವವರು ಗೊಣಗಿದ್ದು, ಪದ ಹಾಗೇ ಉಳಿದುಕೊಂಡಿತು.

ಸುಮ್ನೆ_ಸಪೋರ್ಟ್:
ಇಷ್ಟು ಹೊತ್ತು ಓದಿದೆ. ಎಲ್ಲರೂ ಚೆನ್ನಾಗಿ ಹೇಳಿದ್ದೀರಿ. ಆದರೆ ಪ್ರಶ್ನೆ ಕೇಳಿದವರು ಎರಡನೇ ಮಾತೂ ಕೇಳಿದ್ದರು, ರೇಗಿಸುವ ಪದ ಯಾವುದು ಅಂತ. ಅದರ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ನನ್ನ ಪಾಲಿಗೆ ಅದೇ ಜಾಸ್ತಿ ಬಂದಿದೆ.

ನೂಬ್, ಬಾಟ್, ಟ್ರ್ಯಾಶ್, ಈಜಿ. ಇವು ನಾಲ್ಕು ನಿಮಗೆ ದಿನಾ ಕೇಳಿಸುತ್ತವೆ. ನೂಬ್ ಅಂದರೆ ಹೊಸಬ, ನ್ಯೂಬೀ ಅನ್ನುವುದು ಸವೆದು ಆದದ್ದು. ಹೊಸಬರು ಅನ್ನುವುದು ಬೈಗುಳ ಹೇಗಾಯಿತು ಅಂತ ನನಗೆ ಇವತ್ತಿಗೂ ಸಿಟ್ಟು. ಬಾಟ್ ಅಂದರೆ ಕಂಪ್ಯೂಟರೇ ಆಡಿಸುವ ಆಟಗಾರ. ಬಿಜಿಎಂಐನಲ್ಲಿ ಕೆಳಗಿನ ರ‍್ಯಾಂಕಿನ ಮ್ಯಾಚುಗಳಲ್ಲಿ ಇಂಥವು ತುಂಬಾ ಇರುತ್ತವೆ, ನೆಟ್ಟಗೆ ನಿಂತು ಅಲ್ಲಿ ಇಲ್ಲಿ ಗುಂಡು ಹಾರಿಸುತ್ತವೆ. ಮನುಷ್ಯರನ್ನು ಬಾಟ್ ಅಂದರೆ ನೀನು ಯಂತ್ರಕ್ಕಿಂತ ಕಡೆ ಅಂದ ಹಾಗೆ.

ನಮ್ಮಲ್ಲಿ ಚಿಕ್ಕ ಮಕ್ಕಳು ದೊಡ್ಡವರ ಜೊತೆ ಲಗೋರಿಗೆ ಬಂದರೆ ಓಡಿಸುತ್ತಿರಲಿಲ್ಲ. "ಆಟಕ್ಕುಂಟು ಲೆಕ್ಕಕ್ಕಿಲ್ಲ" ಅಂತ ಸೇರಿಸಿಕೊಳ್ಳುತ್ತಿದ್ದೆವು. ಮಗು ಓಡಾಡಿಕೊಂಡು, ಚೆಂಡು ತಂದುಕೊಟ್ಟು, ನೋಡ್ತಾ ನೋಡ್ತಾ ಆಟ ಕಲಿಯುತ್ತಿತ್ತು. ಆನ್‌ಲೈನ್ ಆಟದಲ್ಲಿ ಆ ಜಾಗವೇ ಇಲ್ಲ. ಹೊಸಬರೂ ಮೊದಲ ದಿನದಿಂದಲೇ ಲೆಕ್ಕಕ್ಕೆ ಬರುತ್ತಾರೆ, ಅವರು ಸೋತರೆ ನಾಲ್ವರ ಅಂಕ ಹೋಗುತ್ತದೆ, ಅದಕ್ಕೇ ಸಿಟ್ಟೆಲ್ಲ ಅವರ ಮೇಲೆ. ಸಿಟ್ಟು ಬರುವುದು ಅರ್ಥವಾಗುತ್ತದೆ. ಬೈದರೆ ಅವರು ಬೇಗ ಕಲಿಯುತ್ತಾರಾ? ಇಲ್ಲ. ಮೈಕ್ ಆಫ್ ಮಾಡುತ್ತಾರೆ ಅಷ್ಟೇ. ಮೈಕ್ ಆಫ್ ಆದ ಮೇಲೆ ಶತ್ರು ಎಲ್ಲಿದ್ದಾನೆ ಅಂತ ಅವರು ಹೇಳುವುದಿಲ್ಲ, ತಂಡಕ್ಕೆ ಎರಡು ಕಣ್ಣು ಕಡಿಮೆ ಆಯಿತು.

ಹೆಣ್ಣು ದನಿ ಕೇಳಿಸಿದರೆ ಇನ್ನೂ ಬೇರೆಯೇ ಶುರುವಾಗುತ್ತದೆ. ಊರು ಯಾವುದು, ಇನ್‌ಸ್ಟಾ ಐಡಿ ಏನು, ಅಥವಾ ನೇರ ಕೆಟ್ಟ ಮಾತು. ರ‍್ಯಾಂಡಮ್ ಸ್ಕ್ವಾಡಿಗೆ, ಅಂದರೆ ಗುರುತಿಲ್ಲದವರ ತಂಡಕ್ಕೆ, ಹೋದಾಗ ನಾನು ಎಷ್ಟೋ ಸಲ ಮೈಕ್ ಹಾಕದೆ ಮ್ಯಾಪ್‌ನಲ್ಲಿ ಗುರುತು ಹಾಕುತ್ತಲೇ ಇಡೀ ಮ್ಯಾಚ್ ಮುಗಿಸಿದ್ದೇನೆ. ತುಮಕೂರಿನವರೇ, ನಿಮಗೆ ಹೇಳುವುದು ಇಷ್ಟು. ಯಾರಾದರೂ ಹಾಗೆ ಮಾತಾಡಿದರೆ ಉತ್ತರ ಕೊಡುತ್ತಾ ಕೂರಬೇಡಿ. ಮ್ಯೂಟ್ ಮಾಡಿ, ಮ್ಯಾಚ್ ಆದ ಮೇಲೆ ರಿಪೋರ್ಟ್ ಮಾಡಿ, ಮುಂದಿನ ಆಟಕ್ಕೆ ಹೋಗಿ.

ರಶ್_ರಾಜ:
ಅಕ್ಕಾ, ಕೆಟ್ಟ ಮಾತು ಯಾರು ಆಡಿದರೂ ತಪ್ಪೇ, ಒಪ್ಪಿದೆ. ಆದರೆ ಸ್ವಲ್ಪ ರೇಗಿಸುವುದು ಆಟದ ಭಾಗ ಅಲ್ವಾ? ಕಬಡ್ಡಿಯಲ್ಲಿ, ಗಲ್ಲಿ ಕ್ರಿಕೆಟ್‌ನಲ್ಲಿ ಕೀಟಲೆ ಇಲ್ಲದೆ ಯಾರು ಆಡುತ್ತಾರೆ? ಗೆಳೆಯರು ಬಾಟ್ ಅಂದರೆ ನಾವು ನಗುತ್ತೇವೆ. ಎಲ್ಲದಕ್ಕೂ ಟಾಕ್ಸಿಕ್ ಅಂದರೆ ಮೈಕ್‌ನಲ್ಲಿ ಬರೀ ಮೌನ ಉಳಿಯುತ್ತದೆ.

ಸುಮ್ನೆ_ಸಪೋರ್ಟ್:
ಗೆಳೆಯರ ಮಧ್ಯೆ ಆಡಿಕೊಳ್ಳುವುದಕ್ಕೆ ನನ್ನ ತಕರಾರಿಲ್ಲ ತಮ್ಮಾ. ಗಲ್ಲಿ ಕ್ರಿಕೆಟ್‌ನಲ್ಲಿ ಕೀಟಲೆ ಮಾಡಿದವನು ಸಂಜೆ ಅದೇ ಅಂಗಡಿ ಮುಂದೆ ಸಿಗುತ್ತಾನೆ, ನಾಳೆ ಮತ್ತೆ ಅವನ ಜೊತೆಗೇ ಆಡಬೇಕು. ಆ ಸಲಿಗೆಗೆ ಒಂದು ಮಿತಿ ತಾನಾಗೇ ಇರುತ್ತದೆ. ರ‍್ಯಾಂಡಮ್‌ನಲ್ಲಿ ಸಿಕ್ಕವರು ಮತ್ತೆ ಸಿಗುವುದೇ ಇಲ್ಲ, ಮುಖ ಗೊತ್ತಿಲ್ಲ, ವಯಸ್ಸು ಗೊತ್ತಿಲ್ಲ. ಹತ್ತು ವರ್ಷದ ಹುಡುಗನೂ ಇರಬಹುದು.

ಇನ್ನೊಂದು ನೋಡಿ. ಜಿಜಿ ಅನ್ನುವುದು ಗುಡ್ ಗೇಮ್, ಚೆನ್ನಾಗಿ ಆಡಿದಿರಿ ಅಂತ ಕೈ ಕುಲುಕುವ ಮಾತು. ಸ್ಟಾರ್‌ಕ್ರಾಫ್ಟ್‌ನಲ್ಲಿ ಸೋಲುತ್ತಿರುವವನು ತಾನೇ ಜಿಜಿ ಅಂತ ಬರೆದು ಆಟ ಬಿಡುತ್ತಾನೆ, ಸೋಲನ್ನು ಮರ್ಯಾದೆಯಿಂದ ಒಪ್ಪಿಕೊಳ್ಳುವ ರೀತಿ ಅದು. ಅದಕ್ಕೇ "ಈಜಿ" ಸೇರಿಸಿ "ಜಿಜಿ ಈಜಿ" ಮಾಡಿದರು, ನಿಮ್ಮನ್ನು ಸೋಲಿಸೋದು ಏನೂ ಕಷ್ಟ ಆಗಲಿಲ್ಲ ಅಂತ. ಓವರ್‌ವಾಚ್ ಮಾಡಿದವರು ಹಾಗೆ ಬರೆದರೆ ಅದು ತಾನಾಗೇ ಬೇರೆ ಒಳ್ಳೆ ವಾಕ್ಯವಾಗಿ ಬದಲಾಗುವ ಹಾಗೆ ಮಾಡಿಟ್ಟರು. ನನಗೆ ಆ ಕೆಲಸ ಬಹಳ ಹಿಡಿಸಿತು.

ರಶ್_ರಾಜ:
ಗೆಳೆಯರು ಬೇರೆ, ರ‍್ಯಾಂಡಮ್ ಬೇರೆ ಅನ್ನುವುದು ಸರಿ. ಅಷ್ಟು ಯೋಚಿಸಿರಲಿಲ್ಲ.

ಕ್ಯಾಂಪರ್ ಅನ್ನುವುದನ್ನು ಮಾತ್ರ ಬೈಗುಳದ ಪಟ್ಟಿಗೆ ಸೇರಿಸಬೇಡಿ, ಅದು ಆಡುವ ರೀತಿ. ಒಂದು ಮನೆಯೊಳಗೆ, ಮೆಟ್ಟಿಲ ಹತ್ತಿರ ಕೂತು ಕಾಯುವವನು ಕ್ಯಾಂಪರ್. ನನಗೆ ಆ ಆಟ ಇಷ್ಟ ಇಲ್ಲ, ನುಗ್ಗುವುದೇ ಇಷ್ಟ. ಆದರೆ ಕ್ಯಾಂಪ್ ಹೊಡೆದೇ ರ‍್ಯಾಂಕ್ ಏರಿದವರು ಎಷ್ಟು ಜನ ಬೇಕು. ನೂರು ಜನ ಇಳಿಯುವ ಆಟದಲ್ಲಿ ಕೊನೆಗೆ ಉಳಿದವನೇ ಗೆಲ್ಲುವುದು, ಅವನು ಹೇಗೆ ಉಳಿದ ಅಂತ ಯಾರೂ ಕೇಳಲ್ಲ.

ದಿಣ್ಣೆ_ಸ್ನೈಪರ್:
ಬಂದೆ. ಮೊದಲು ಜಾಗ ಹೇಳುವುದು, ಆಮೇಲೆ ಥರ್ಡ್ ಪಾರ್ಟಿ.

ಬಿಜಿಎಂಐನಲ್ಲಿ ಪರದೆಯ ಮೇಲ್ಭಾಗದಲ್ಲಿ ದಿಕ್ಕಿನ ಪಟ್ಟಿ ಇದೆ. "240ರಲ್ಲಿ ಒಬ್ಬ, ಮರದ ಹಿಂದೆ" ಅಂದರೆ ಎಲ್ಲರೂ ಆ ಸಂಖ್ಯೆಯ ಕಡೆ ತಿರುಗುತ್ತಾರೆ. "ಅಲ್ಲಿ ಅಲ್ಲಿ", "ನನ್ನ ಮುಂದೆ" ಅನ್ನುವುದು ಪ್ರಯೋಜನಕ್ಕೆ ಬರಲ್ಲ, ನಿಮ್ಮ ಮುಂದೆ ಯಾವುದು ಅಂತ ಇನ್ನೊಬ್ಬನಿಗೆ ಹೇಗೆ ಗೊತ್ತಾಗಬೇಕು? ಆದರೆ ಒಂದು ಎಚ್ಚರ. ನೀವು ಮತ್ತು ನಿಮ್ಮ ತಮ್ಮ ದೂರ ದೂರ ನಿಂತಿದ್ದರೆ ನಿಮಗೆ 240ರಲ್ಲಿ ಕಾಣುವ ಮರ ಅವನಿಗೆ 200ರಲ್ಲೋ 280ರಲ್ಲೋ ಇರುತ್ತದೆ. ಆಗ ಸಂಖ್ಯೆ ಬಿಟ್ಟು ಗುರುತು ಹಾಕಿ. ಸಪೋರ್ಟ್ ಅವರು ಹೇಳಿದ ಹಾಗೆ ಮೈಕ್ ಇಲ್ಲದವರಿಗೂ ಅದೇ ದಾರಿ. 2019ರಲ್ಲಿ ಏಪೆಕ್ಸ್ ಲೆಜೆಂಡ್ಸ್ ಬಂದಾಗ ಬಾಯಿ ಬಿಡದೆ ಇಡೀ ಆಟ ಆಡಬಹುದಾದಷ್ಟು ಚೆನ್ನಾಗಿ ಈ ಪಿಂಗ್ ವ್ಯವಸ್ಥೆ ಮಾಡಿದ್ದರು.

ನಮ್ಮ ಸ್ಕ್ವಾಡಿನಲ್ಲಿ ಜಾಗದ ಮಾತು ಪೂರ್ತಿ ಕನ್ನಡ. ದಿಣ್ಣೆ, ಹಳ್ಳ, ಬಂಡೆ, ಇಳಿಜಾರು, ಮೂಲೆ ಮನೆ, ಮಹಡಿ, ಸಜ್ಜಾ. "ರಿಡ್ಜ್ ಮೇಲೆ" ಅನ್ನುವ ಬದಲು "ದಿಣ್ಣೆ ಆಚೆ" ಅಂದರೆ ನಮ್ಮ ಹುಡುಗರಿಗೆ ಆ ಕ್ಷಣಕ್ಕೇ ಕಣ್ಣಿಗೆ ಕಟ್ಟುತ್ತದೆ. ಪೊಚಿಂಕಿ, ಸ್ಕೂಲ್, ರೋಝೋಕ್ ಇವೆಲ್ಲ ಮ್ಯಾಪಿನ ಹೆಸರು, ಹಾಗೇ ಇರಲಿ. ರ‍್ಯಾಂಡಮ್‌ನಲ್ಲಿ ಹಿಂದಿ, ತಮಿಳು, ತೆಲುಗು ಎಲ್ಲ ಸಿಗುತ್ತದೆ, ಅಲ್ಲಿ ಇಂಗ್ಲಿಷ್ ಪದವೇ ಎಲ್ಲರಿಗೂ ಸುಲಭ.

ಈಗ ಥರ್ಡ್ ಪಾರ್ಟಿ. ನೀವು ಒಂದು ತಂಡದ ಜೊತೆ ಗುಂಡಿನ ಕಾಳಗದಲ್ಲಿ ಇದ್ದೀರಿ. ಗುಂಡಿನ ಸದ್ದು ದೂರಕ್ಕೆ ಕೇಳುತ್ತದೆ. ಮೂರನೇ ತಂಡ ಅದನ್ನು ಕೇಳಿಸಿಕೊಂಡು, ನೀವಿಬ್ಬರೂ ಹೊಡೆದಾಡಿ ಸುಸ್ತಾಗುವವರೆಗೆ ಕಾದು, ಗುಂಡು ಖಾಲಿ, ವೆಸ್ಟ್ ಒಡೆದ ಹೊತ್ತಿಗೆ ಬಂದು ಇಬ್ಬರನ್ನೂ ಮುಗಿಸುತ್ತದೆ. ಇಬ್ಬರ ಜಗಳ ಮೂರನೆಯವನಿಗೆ ಲಾಭ, ಅಷ್ಟೇ. ನಿಮ್ಮ ತಮ್ಮ "ಪುಶ್" ಅಂದವನು ಆ ಕ್ಷಣವೇ "ಬೇಡ" ಅಂದದ್ದು ಅದಕ್ಕೇ. ಒಬ್ಬ ನಾಕ್, ಇನ್ನೊಬ್ಬ ಒನ್ ಶಾಟ್ ಇದ್ದಾಗ ನುಗ್ಗುವುದು ಸರಿಯಾದ ಲೆಕ್ಕ, ಬೇರೆ ಕಡೆಯಿಂದ ಗುಂಡು ಬರಲು ಶುರುವಾದ ಮೇಲೆ ಅದೇ ಲೆಕ್ಕ ತಪ್ಪು. ಅವನು ಚೆನ್ನಾಗಿಯೇ ಆಡಿಸುತ್ತಿದ್ದಾನೆ.

ಹಾಸನ_ಪಿಂಗ್:
ಪಿಂಗ್ ಅಂದಾಗ ನೆನಪಾಯಿತು, ಆ ಪದಕ್ಕೆ ಎರಡು ಅರ್ಥ ಇದೆ, ಹೊಸಬರಿಗೆ ಗೊಂದಲ ಆಗುತ್ತದೆ. ಮ್ಯಾಪಿನ ಮೇಲೆ ಗುರುತು ಹಾಕುವುದೂ ಪಿಂಗ್. ನಿಮ್ಮ ಫೋನಿನಿಂದ ಸರ್ವರಿಗೆ ಮಾತು ಹೋಗಿ ವಾಪಸ್ ಬರಲು ಹಿಡಿಯುವ ಸಮಯವೂ ಪಿಂಗ್, ಮಿಲಿಸೆಕೆಂಡಿನಲ್ಲಿ. ಎರಡನೆಯದು ಮೊದಲು ಬಂದದ್ದು. 1983ರಲ್ಲಿ ಮೈಕ್ ಮೂಸ್ ಅನ್ನುವವರು ಜಾಲ ಪರೀಕ್ಷಿಸಲು ಬರೆದ ಪುಟ್ಟ ಪ್ರೋಗ್ರಾಮ್‌ಗೆ ಆ ಹೆಸರು ಇಟ್ಟರು. ಜಲಾಂತರ್ಗಾಮಿಯ ಸೋನಾರ್ ಸದ್ದು ಮಾಡಿ ಪ್ರತಿಧ್ವನಿಗೆ ಕಾಯುತ್ತದಲ್ಲ, ಆ ಸದ್ದಿನ ಹೆಸರು.

20, 30 ಇದ್ದರೆ ಆಟ ಬೆಣ್ಣೆ. 100 ದಾಟಿದರೆ ಕಷ್ಟ. ಲ್ಯಾಗ್ ಅಂದರೆ ಈ ತಡ ಆಟದಲ್ಲಿ ಕಾಣುವುದು. ನೀವು ಗೋಡೆ ಹಿಂದೆ ಬಂದಾಯಿತು, ಆದರೂ ಸತ್ತಿರಿ! ಮೋಸ ಅನ್ನಿಸುತ್ತದೆ. ಏನಾಗಿರುತ್ತದೆ ಅಂದರೆ ನೀವು ಓಡಿದ ಸುದ್ದಿ ಎದುರಾಳಿಯ ಫೋನಿಗೆ ಇನ್ನೂ ತಲುಪಿರಲಿಲ್ಲ, ಅವನ ಪರದೆಯಲ್ಲಿ ನೀವು ಇನ್ನೂ ಬಯಲಲ್ಲೇ ಇದ್ದಿರಿ. ಅವನು ಹೊಡೆದ, ಸರ್ವರ್ ಒಪ್ಪಿತು. ಪೀಕರ್ಸ್ ಅಡ್ವಾಂಟೇಜ್ ಅನ್ನುವುದೂ ಇದೇ ಕಾರಣಕ್ಕೆ. ಮೂಲೆಯಿಂದ ಹೊರಗೆ ಬರುವವನಿಗೆ ನಿಂತವನು ತಕ್ಷಣ ಕಾಣುತ್ತಾನೆ. ಬಂದವನ ಸುದ್ದಿ ಸರ್ವರಿಗೆ ಹೋಗಿ, ಅಲ್ಲಿಂದ ನಿಂತವನಿಗೆ ಬರಬೇಕು. ಕಣ್ಣು ಮಿಟುಕಿಸುವಷ್ಟೂ ಹೊತ್ತಲ್ಲ, ಆದರೆ ಹೆಡ್‌ಶಾಟ್‌ಗೆ ಅಷ್ಟು ಸಾಕು. ಹಾಗಾಗಿ ಯಾರಾದರೂ ಸತ್ತ ಕೂಡಲೇ "ಹ್ಯಾಕರ್, ಹ್ಯಾಕರ್" ಅಂತ ಕೂಗಿದರೆ ನಂಬಬೇಡಿ, ಎಷ್ಟೋ ಸಲ ಅದು ಬರೀ ಪಿಂಗ್.

ಮಳೆ ಬಂದಾಗ ನಮ್ಮ ಕಡೆ ಟವರ್ ಸಿಗ್ನಲ್ ಬಿದ್ದುಹೋಗುತ್ತದೆ. ಅಂಥ ಹೊತ್ತಲ್ಲಿ ರ‍್ಯಾಂಕ್ ಆಡದೆ ಟಿಡಿಎಂ (ಟೀಮ್ ಡೆತ್‌ಮ್ಯಾಚ್) ಆಡಿಕೊಳ್ಳುವುದು ವಾಸಿ. ಟಿಡಿಎಂನಲ್ಲಿ ಸತ್ತರೂ ಮತ್ತೆ ಹುಟ್ಟುತ್ತೀರಿ, ಅಂಕದ ಚಿಂತೆ ಇಲ್ಲ, ಕೈ ಪಳಗುತ್ತದೆ.

ತುಮಕೂರು_ಹೊಸಬಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ನಾಕ್, ಫಿನಿಶ್ ವ್ಯತ್ಯಾಸ ಈಗ ಅರ್ಥವಾಯಿತು. ನಾನು ಎರಡಕ್ಕೂ "ಬಿದ್ದ" ಅನ್ನುತ್ತಿದ್ದೆ, ಅವರು ಯಾಕೆ "ನಾಕಾ ಫಿನಿಶಾ" ಅಂತ ಪದೇಪದೇ ಕೇಳುತ್ತಿದ್ದರು ಅಂತ ಗೊತ್ತಾಯಿತು. ದಿಕ್ಕಿನ ಪಟ್ಟಿ ನೋಡಿಯೇ ಇರಲಿಲ್ಲ. ಒಂದು ಕೊನೆ ಪ್ರಶ್ನೆ. ಜೋನ್ ಹತ್ತಿರ ಬಂದಾಗ ಮೂವರೂ ಒಟ್ಟಿಗೆ ಮಾತಾಡುತ್ತಾರೆ, ಯಾರ ಮಾತು ಕೇಳುವುದು? ಹಾಗೇ "ರೊಟೇಟ್" ಅಂದರೆ ಏನು?

ದಿಣ್ಣೆ_ಸ್ನೈಪರ್:
ಜೋನ್ ಅಂದರೆ ಮ್ಯಾಪಿನಲ್ಲಿ ಆಡುವ ಜಾಗವನ್ನು ಸುತ್ತುವ ನೀಲಿ ಗೆರೆ, ಅದು ಕುಗ್ಗುತ್ತಾ ಬರುತ್ತದೆ, ಬಿಳಿ ಗೆರೆಯ ಒಳಗಿರುವುದು ಮುಂದಿನ ಸುರಕ್ಷಿತ ಜಾಗ. ಈಗಿನ ಜಾಗದಿಂದ ಬಿಳಿ ವೃತ್ತದೊಳಗೆ ಯಾವ ದಾರಿಯಲ್ಲಿ, ಗಾಡಿಯಲ್ಲೋ ನಡೆದೋ, ಯಾವ ಮರೆ ಹಿಡಿದು ಹೋಗುವುದು ಅನ್ನುವುದೇ ರೊಟೇಟ್. ಬೇಗ ಹೋದವರಿಗೆ ಮನೆ ಸಿಗುತ್ತದೆ, ತಡವಾದವರು ಬಯಲಿನಲ್ಲಿ ಓಡಿಬರಬೇಕು, ಒಳಗೆ ಕೂತವರು ಹೊಡೆಯುತ್ತಾರೆ.

ಯಾರ ಮಾತು ಅನ್ನುವುದಕ್ಕೆ, ಒಬ್ಬರನ್ನು ಐಜಿಎಲ್ ಮಾಡಿಕೊಳ್ಳಿ. ಆಟದೊಳಗಿನ ನಾಯಕ ಅಂತ. ಎಲ್ಲಿ ಇಳಿಯುವುದು, ಯಾವಾಗ ಹೊರಡುವುದು, ನುಗ್ಗುವುದಾ ನಿಲ್ಲುವುದಾ ಇದನ್ನು ಅವರೊಬ್ಬರೇ ಹೇಳಬೇಕು. ಉಳಿದ ಮೂವರು ಕಂಡದ್ದನ್ನು ಮಾತ್ರ ಹೇಳಬೇಕು, ದಿಕ್ಕು, ಎಷ್ಟು ಜನ, ಸ್ಥಿತಿ. ತೀರ್ಮಾನ ತಪ್ಪಾದರೂ ನಾಲ್ವರೂ ಒಂದೇ ಕಡೆ ಹೋಗುವುದು ವಾಸಿ, ಇಬ್ಬರು ಅತ್ತ ಇಬ್ಬರು ಇತ್ತ ಆದರೆ ನಾಲ್ವರೂ ಹೋದ ಹಾಗೆ. ಯಾಕೆ ಹಾಗೆ ಮಾಡಿದೆ ಅನ್ನುವ ಚರ್ಚೆ ಮ್ಯಾಚ್ ಮುಗಿದು ಲಾಬಿಗೆ ಬಂದ ಮೇಲೆ.

ನಿಮ್ಮ ತಮ್ಮನೇ ಐಜಿಎಲ್ ಇರಬೇಕು ಅನ್ನಿಸುತ್ತದೆ, ಕೇಳಿ ನೋಡಿ. ನಿಮಗೆ ಸ್ವಲ್ಪ ಆಟ ಹಿಡಿತಕ್ಕೆ ಬಂದ ಮೇಲೆ ಒಂದೆರಡು ಕ್ಲಾಸಿಕ್ ಮ್ಯಾಚ್ ನೀವೇ ಕಾಲ್ ಕೊಡಿ, ಅಂದರೆ ತೀರ್ಮಾನ ನೀವೇ ಹೇಳಿ.

ಸುಮ್ನೆ_ಸಪೋರ್ಟ್:
ತಮ್ಮನ ಸ್ಕ್ವಾಡ್ ಇಲ್ಲದ ದಿನ ಆಡಬೇಕು ಅನ್ನಿಸಿದರೆ ಇಲ್ಲಿ ಒಂದು ಮೆಸೇಜ್ ಹಾಕಿ ಅಕ್ಕಾ. ನಾವು ಕೆಲವರು ಹುಡುಗಿಯರು ರಾತ್ರಿ ಊಟ ಆದ ಮೇಲೆ ಆಡುತ್ತೇವೆ, ಎಲ್ಲರೂ ಕನ್ನಡದವರೇ, ಮೈಕ್ ಎಲ್ಲರದ್ದೂ ಆನ್ ಇರುತ್ತದೆ.